ಹನ್ನೊಂದನೇ ಕಲಮಿಗೆ ಕಾದ ದರ್ಜಿ

ಬೆಳಿಗ್ಗೆ ಕೋರ್ಟಿನಲ್ಲಿ ನನ್ನ ವಿರುದ್ಧ ಸಾಕ್ಷಿ ಹೇಳಿ, ಸಂಜೆ ಟೇಪು ಹಿಡಿದು ನನ್ನ ಅಂಗಿಗೆ ಅಳತೆ ತೆಗೆದುಕೊಂಡ ಮನುಷ್ಯ ಅವನು. ನಾಚಿಕೆಪಟ್ಟನೇ ಎಂದರೆ ಅದೂ ಇಲ್ಲ.

"ಕೊರಳು ಹದಿನೈದೂವರೆ. ಹೋದ ಸಲಕ್ಕಿಂತ ಅರ್ಧ ಇಂಚು ಜಾಸ್ತಿ. ಜೈಲೂಟ ಒಗ್ಗಿದೆ ನಿಮಗೆ," ಅಂದ.

ಪೊಲೀಸ್ ಠಾಣೆಯ ಎದುರು, ರಸ್ತೆಯಾಚೆ, ಎಂಟಡಿ ಅಗಲದ ಅಂಗಡಿ. ಒಂದು ಹೊಲಿಗೆ ಮಿಷನ್ನು, ಒಂದು ಇಸ್ತ್ರಿಮೇಜು, ಪಾದರಸ ಉದುರಿ ನೋಡುವವರ ಮೂಗು ನುಂಗುವ ಕನ್ನಡಿ. ಗೋಡೆಯ ಮೊಳೆಗಳಲ್ಲಿ ಯಾವಾಗಲೂ ಏಳೆಂಟು ಖಾಕಿ ಅಂಗಿಗಳು ತೋಳು ಇಳಿಬಿಟ್ಟುಕೊಂಡು ನೇತಾಡುತ್ತಿದ್ದವು. ಠಾಣೆಯ ಹೊಟ್ಟೆಗಳೆಲ್ಲ ಅವನಿಗೆ ಬಾಯಿಪಾಠ. "ಈ ಸಾಹೇಬ್ರು ಬರುವಾಗ ಸೊಂಟ ಮೂವತ್ತನಾಲ್ಕು, ವರ್ಗ ಆಗಿ ಹೋಗುವಾಗ ನಲವತ್ತು. ನಮ್ಮ ಏರಿಯಾ ಎಷ್ಟು ಸುಭಿಕ್ಷ ನೋಡಿ," ಎಂದು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಗುತ್ತಿದ್ದ.

ಊರು ಅವನನ್ನು ಸೈನ್ ಮಾಮ ಎನ್ನುತ್ತಿತ್ತು. ಕಾರಣವಿದೆ. ಪೊಲೀಸರು ಯಾರಿಂದಲಾದರೂ ಏನನ್ನಾದರೂ ವಶಪಡಿಸಿಕೊಂಡರೆ, ಸಂಬಂಧವಿಲ್ಲದ ಇಬ್ಬರು "ನಮ್ಮ ಕಣ್ಣೆದುರೇ ಸಿಕ್ಕಿತು" ಎಂದು ಸಹಿ ಮಾಡಬೇಕು. ಆ ಕಾಗದಕ್ಕೆ ಮಹಜರು ಎಂದು ಹೆಸರು. ದಾರಿಹೋಕರನ್ನು ಕರೆದರೆ ಯಾರು ಬರುತ್ತಾರೆ? ವರ್ಷಗಟ್ಟಲೆ ಕೋರ್ಟು ಅಲೆಯುವ ಕರ್ಮ ಯಾವನಿಗೆ ಬೇಕು? ಹಾಗಾಗಿ ಠಾಣೆಯ ರೈಟರ್ ಕಾಗದ ಮಡಚಿಕೊಂಡು ರಸ್ತೆ ದಾಟುತ್ತಿದ್ದ. "ಮಾಮ, ಒಂದ್ ಸೈನ್ ಒಗಿ." ಮಾಮ ಎಡಗೈಯಲ್ಲಿ ಬಟ್ಟೆ ಹಿಡಿದು ಬಲಗೈಯಲ್ಲಿ ಒಗೆಯುತ್ತಿದ್ದ. ಮಿಷನ್ನಿನ ಮೇಲಿನ ಕಾಲು ನಿಲ್ಲುತ್ತಿರಲಿಲ್ಲ. ಎರಡನೇ ಸಹಿ ಪಕ್ಕದ ಜೆರಾಕ್ಸ್ ಅಂಗಡಿಯವನದು. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು. ಅಂಗಡಿಯ ಬೋರ್ಡು ಫುಟ್‌ಪಾತಿನ ಮೇಲೆ ಬಂದರೂ ಯಾರೂ ಕೇಳುತ್ತಿರಲಿಲ್ಲ, ಖಾಕಿಯ ಕೆಲಸ ಬೇರೆ ದರ್ಜಿಗೆ ಹೋಗುತ್ತಿರಲಿಲ್ಲ. ಇಷ್ಟೇ ಒಪ್ಪಂದ. ಇದನ್ನೂ ಯಾರೂ ಬಾಯಿಬಿಟ್ಟು ಆಡಿರಲಿಲ್ಲ.

"ಓದ್ತೀಯಾ ಅದನ್ನ?" ಎಂದು ಒಮ್ಮೆ ಕೇಳಿದ್ದೆ.

"ಬಟ್ಟೆ ಕೊಟ್ಟೋರು ನಾನು ಹೊಲಿಯೋದನ್ನ ನಿಂತು ನೋಡ್ತಾರಾ ಧಿಕ್ಕಾರಣ್ಣ? ಅವರ ಕೆಲಸ ಅವರಿಗೆ, ನಮ್ಮ ಕೆಲಸ ನಮಗೆ."

ಧಿಕ್ಕಾರಣ್ಣ ಅಂದರೆ ನಾನು. ಠಾಣೆಯ ಮುಂದೆ ನಿಂತು ನಾವು ಧಿಕ್ಕಾರ ಕೂಗಿದ್ದನ್ನೆಲ್ಲ ಅವನು ಮಿಷನ್ನಿನ ಹಿಂದಿನಿಂದ ಕೇಳಿಸಿಕೊಂಡವನು. ಒಂದು ಸಲ ನಮ್ಮ ಮೆರವಣಿಗೆಯಿಂದ ಹದಿನಾಲ್ಕು ಕಲ್ಲು ವಶಪಡಿಸಿಕೊಂಡರೆಂದು ಕೇಸಾಯಿತು. ಕಟಕಟೆಯಲ್ಲಿ ಮಾಮ ಕಣ್ಣು ಮಿಟುಕಿಸದೆ "ಹದಿನಾಲ್ಕು ಸ್ವಾಮಿ, ನನ್ನೆದುರೇ ಎಣಿಸಿದ್ರು" ಅಂದ. ನಮ್ಮ ವಕೀಲರು ಬಿಡಲಿಲ್ಲ. "ಈ ಊರಲ್ಲಿ ಎಲ್ಲಿ ಏನು ಸಿಕ್ಕಿದರೂ ನೀವು ಅಲ್ಲಿರ್ತೀರಲ್ಲ, ನಿಮ್ಮನ್ನೇ ಯಾಕೆ ಹಿಡಿದಿಲ್ಲ?" ಎಂದು ಕೇಳಿದರು. "ನನ್ನ ಅಂಗಡಿ ಠಾಣೆ ಎದುರಿಗಿದೆ ಸ್ವಾಮಿ, ಕಳ್ಳರೇ ಅಲ್ಲಿಗೆ ಬರ್ತಾರೆ" ಅಂದ. ಜಡ್ಜೂ ನಕ್ಕರು, ಆರೋಪಿಗಳಾದ ನಾವೂ ನಕ್ಕೆವು. ನಮಗೆ ಅದು ತಮಾಷೆಯಾಗಿತ್ತು, ಏಕೆಂದರೆ ನಮಗೆ ವಕೀಲರಿದ್ದರು, ಪತ್ರಿಕೆಯವರಿದ್ದರು, ಹಿಂದೆ ಕೂಗುವ ಜನರಿದ್ದರು.

ಮಾಮ ಕೆಟ್ಟವನಾಗಿದ್ದರೆ ಬರೆಯುವುದು ಸಲೀಸಾಗಿರುತ್ತಿತ್ತು. ಉಳಿಕೆ ಬಟ್ಟೆ ಜೋಡಿಸಿ ಹೊದಿಕೆ ಹೊಲಿದು ಚಳಿಗಾಲದಲ್ಲಿ ಲಾಕಪ್ಪಿಗೆ ಕಳಿಸುತ್ತಿದ್ದವನೂ ಅವನೇ. ನಾನೂ ಹೊದ್ದಿದ್ದೇನೆ. ಖಾಕಿ ತುಂಡುಗಳು ಒರಟು, ಆದರೆ ಬೆಚ್ಚಗಿರುತ್ತಿದ್ದವು.

ಅವನ ಅಂಗಡಿಯ ಹಿಂದೆ ಎರಡು ಬೀದಿ ದಾಟಿದರೆ ಕಾಜಾ ಹಾಕುವ ಹೆಣ್ಣುಮಗಳ ಮನೆ. ಮಾಮ ಹೊಲಿದ ಅಂಗಿಗಳಿಗೆ ಗುಂಡಿಯ ಕಣ್ಣು ಕಟ್ಟುವುದು, ಗುಂಡಿ ಹಚ್ಚುವುದು ಅವಳ ಕೆಲಸ. ಹೊಸಿಲ ಮೇಲೆ ಕೂತು ಬೆಳಕಿಗೆ ಬೆನ್ನು ಕೊಟ್ಟು, ಒಂದು ಕಾಜಾಕ್ಕೆ ಇಪ್ಪತ್ತು ಎಳೆ ಎಳೆಯುತ್ತಿದ್ದಳು. ಅವಳ ಗಂಡ ಸ್ಕೂಟರ್ ಮೆಕ್ಯಾನಿಕ್ಕು. ತಗಡಿನ ಶೆಡ್ಡು, ಒಂದು ಗಾಳಿಪಂಪು, ಒಂದು ಟೂಲ್‌ಬಾಕ್ಸು. ಠಾಣೆಯವರ ಗಾಡಿಗಳನ್ನೂ ಅವನೇ ನೋಡುತ್ತಿದ್ದ. ಒಂದು ದಿನ ಒಬ್ಬ ಪೇದೆಯ ಜೊತೆ ಮಾತಿಗೆ ಮಾತು ಬೆಳೆದು, "ನಿನ್ನ ಗಾಡಿ ನೀನೇ ತಳ್ಕೊಂಡು ಹೋಗು" ಅಂದುಬಿಟ್ಟಿದ್ದ. ಮುಂದಿನದೆಲ್ಲ ಅಷ್ಟಕ್ಕೇ ಆಯಿತೋ, ಬೇರೆ ಏನಾದರೂ ಇತ್ತೋ, ಯಾರಿಗೂ ತಿಳಿಯದು.

ಆವತ್ತು ರೈಟರ್ ಎಂದಿನಂತೆ ಬಂದ. ಮಾಮ ಎಂದಿನಂತೆ ಒಗೆದ. ಸಂಜೆ ಆ ಹೆಣ್ಣುಮಗಳು ಅರ್ಧ ಮುಗಿದ ಅಂಗಿಗಳ ಗಂಟನ್ನು ಕಂಕುಳಲ್ಲಿ ಅವುಚಿಕೊಂಡೇ ಓಡಿಬಂದಳು.

"ಮಾಮ, ಇವರನ್ನ ಕರ್ಕೊಂಡು ಹೋದ್ರು. ಟೂಲ್‌ಬಾಕ್ಸಲ್ಲಿ ಯಾರದೋ ಸರ ಸಿಕ್ತಂತೆ. ಮೂರು ಗಂಟೆಗಂತೆ. ಮೂರು ಗಂಟೆಗೆ ಇವರು ಮನೇಲಿ ಉಣ್ತಾ ಇದ್ರು ಮಾಮ."

ಮೂರು ಗಂಟೆಗೆ ಮಾಮ ಠಾಣೆಯ ಜೀಪಿನ ಡ್ರೈವರನ ಪ್ಯಾಂಟಿಗೆ ಅಳತೆ ತೆಗೆಯುತ್ತಿದ್ದ. ಮಧ್ಯಾಹ್ನದಿಂದ ಅವನು ಸಹಿ ಮಾಡಿದ್ದು ಒಂದೇ ಕಾಗದ. ಅವನಿಗೆ ಅರ್ಥವಾಯಿತು. "ಕೂತ್ಕೋ ಮಗಳೇ, ನೀರು ಕುಡಿ" ಅಂದನಂತೆ, ಅಷ್ಟೇ.

ಎರಡು ದಿನ ಬಿಟ್ಟು ನನ್ನನ್ನು ಹುಡುಕಿಕೊಂಡು ಬಂದ. ಹುಡುಕಿಕೊಂಡು ಬಂದದ್ದೂ ಪಕ್ಷದ ಕಚೇರಿಗೆ. ಬೀದಿಯಲ್ಲಿ ಮೂವತ್ತು ವರ್ಷ ಕೂಗಿದ ನನ್ನಂಥವರನ್ನು ವಿರೋಧ ಪಕ್ಷದವರು ಒಳಗೆ ಕರೆದು ಕುರ್ಚಿ ಕೊಟ್ಟಿದ್ದ ಕಾಲ ಅದು. ಚುನಾವಣೆಗೆ ನಾಲ್ಕು ತಿಂಗಳಿತ್ತು. ಅಪರಾಧ ತಗ್ಗಿಸುವುದಕ್ಕೆ, ಪೊಲೀಸು, ಕೋರ್ಟು, ಜೈಲು ಮೂರನ್ನೂ ಸರಿಪಡಿಸುವುದಕ್ಕೆ ಪಕ್ಷ ಏನು ಮಾಡುತ್ತದೆಂದು ಒಂದು ಪುಸ್ತಕ ಬರೆಯಬೇಕಿತ್ತು. ಬರೆಯುವ ಸಮಿತಿಯಲ್ಲಿ ನಾನಿದ್ದೆ, ಉದ್ದ ಮೀಸೆಯ ಒಬ್ಬ ಹಿರಿಯ ವಕೀಲರಿದ್ದರು. ಕತ್ತಲು ಬೀದಿಗಳಿಗೆ ದೀಪ, ಸಣ್ಣಪುಟ್ಟ ಕೇಸಿನವರಿಗೆ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆ, ಜೈಲಿಂದ ಹೊರಬಂದವನಿಗೆ ಕೆಲಸ, ವಿಚಾರಣೆಗೆ ಗಡುವು, ಇಂಥವೆಲ್ಲ ಆಗಲೇ ಬರೆದಾಗಿತ್ತು. ಪ್ರಚಾರದವರು ಮಾತ್ರ ದಿನಕ್ಕೊಮ್ಮೆ ಬಂದು "ಸ್ವಲ್ಪ ಗಟ್ಟಿಯಾಗಿ ಏನಾದ್ರೂ ಹಾಕಿ ಸಾರ್, ಕಳ್ಳರಿಗೆ ನಡುಕ ಹುಟ್ಟೋ ಥರ" ಎನ್ನುತ್ತಿದ್ದರು.

ಮಾಮ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಮೊದಲ ಬಾರಿಗೆ ಅವನ ಮಾತಿನಲ್ಲಿ ತಮಾಷೆ ಇರಲಿಲ್ಲ.

"ನಾನು ನೋಡಿಲ್ಲ ಅಂತ ಕೋರ್ಟಲ್ಲಿ ಹೇಳಿದ್ರೆ ಏನಾಗುತ್ತೆ?"

ವಕೀಲರು ಮೀಸೆ ನೀವಿಕೊಂಡರು. "ಅವನು ಬಿಡುಗಡೆ ಆಗ್ಬಹುದು. ನೀನು ಒಳಗೆ ಹೋಗ್ಬಹುದು. ಇದೊಂದೇ ಅಲ್ಲಪ್ಪ, ಹಿಂದೆ ಸೈನ್ ಹಾಕಿದ್ದೆಲ್ಲ ಎದ್ದು ಕೂರುತ್ತೆ. ಎಷ್ಟಿದಾವೆ?"

"ಯಾರು ಲೆಕ್ಕ ಇಟ್ಟಿದಾರೆ ಸ್ವಾಮಿ? ಇನ್ನೂರು? ಮುನ್ನೂರು?"

ಮುನ್ನೂರು ಕಾಗದ, ಮುನ್ನೂರು ಮನೆ.

ಆ ಮಧ್ಯಾಹ್ನವೇ ಹನ್ನೊಂದನೇ ಕಲಮು ಹುಟ್ಟಿತು. ಒಂದೇ ಮನುಷ್ಯ ಒಂದೇ ಠಾಣೆಗೆ ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಮಹಜರಿಗೆ ಸಹಿ ಮಾಡುವಂತಿಲ್ಲ. ವಶಪಡಿಸಿಕೊಳ್ಳುವುದೆಲ್ಲ ಕ್ಯಾಮೆರಾದ ಎದುರು ಆಗಬೇಕು. ಹಿಂದೆ ಒತ್ತಡಕ್ಕೋ ರೂಢಿಗೋ ಸಹಿ ಮಾಡಿದವನು ತಾನಾಗಿ ಬಂದು ಸತ್ಯ ಹೇಳಿದರೆ ಅವನ ಮೇಲೆ ಕೇಸಿಲ್ಲ. ಮಾಮ ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ಹಿಗ್ಗಿನಿಂದ ಬರೆದೆ. ಬೀದಿಯ ಮಾತು ಕೊನೆಗೂ ಕಾನೂನಾಗುತ್ತದೆ ಅನ್ನುವ ಹಿಗ್ಗು ಅದು. ಆ ಹಿಗ್ಗಿನಲ್ಲೇ ಇದನ್ನೂ ಹೇಳಿದೆ:

"ಮಾಮ, ನಾಲ್ಕು ತಿಂಗಳು ತಡಿ. ಈಗ ಬಾಯಿ ಬಿಡಬೇಡ. ನಾವು ಬಂದಮೇಲೆ ಇದು ಕಾನೂನಾಗುತ್ತೆ, ಆಮೇಲೆ ಎದೆ ಸೆಟೆದು ಹೇಳು. ಅವನೂ ಹೊರಗೆ ಬರ್ತಾನೆ, ನೀನೂ ಉಳ್ಕೋತೀಯ."

"ಅಲ್ಲೀತನಕ ಅವನು ಒಳಗೇ ಇರ್ತಾನಲ್ಲ?"

"ನಾಲ್ಕೇ ತಿಂಗಳು."

ನಾಲ್ಕೇ ತಿಂಗಳು ಎಂದು ಸಲೀಸಾಗಿ ಹೇಳಿದೆ. ಒಳಗಿರುವವನು ಬೇರೆಯವನಾಗಿದ್ದ.

ಮಾಮ ನನ್ನ ಮಾತು ನಂಬಿದ. ಮೊದಲ ಸಲ ಸಾಕ್ಷಿಗೆ ಕರೆದಾಗ ಜ್ವರವೆಂದು ಡಾಕ್ಟರ ಚೀಟಿ ಕಳಿಸಿದ. ಎರಡನೇ ಸಲ ಸೊಂಟ ಹಿಡಿದಿದೆ ಎಂದ. ಎರಡೂ ಸಲ ವಾಯಿದೆ ಮುಂದಕ್ಕೆ ಹೋಯಿತು, ಎರಡೂ ಸಲ ಮೆಕ್ಯಾನಿಕ್ಕನಿಗೆ ಜಾಮೀನಿನ ಮೇಲೆ ಹೊರಬರಲು ಆಗಲಿಲ್ಲ. ಊರಲ್ಲಿ ಆಸ್ತಿಯಿರುವ ಒಬ್ಬನೂ ಅವನಿಗೆ ಜಾಮೀನು ನಿಲ್ಲಲು ಬರಲಿಲ್ಲ. ಹೆಂಡತಿ ವಾರಕ್ಕೊಮ್ಮೆ ಜೈಲಿಗೆ ಹೋಗಿ ಜಾಲರಿಯಾಚೆಯಿಂದ ಮಾತಾಡಿಸಿ ಬರುತ್ತಿದ್ದಳು. ಉಳಿದ ದಿನ ಕಾಜಾ ಹಾಕುತ್ತಿದ್ದಳು. ಆ ತಿಂಗಳುಗಳಲ್ಲಿ ಮಾಮ ಅವಳಿಗೆ ಕೆಲಸ ಜಾಸ್ತಿ ಕೊಟ್ಟ. ಬೇಕಿಲ್ಲದ ಅಂಗಿಗೂ ಎರಡು ಜೇಬು ಹಚ್ಚಿ, ಜೇಬಿಗೊಂದು ಕಾಜಾ ಹಾಕಿಸಿದ. "ಈ ಕಾಲದಲ್ಲಿ ಇಷ್ಟು ಜೇಬು ಯಾರಿಗೆ ಮಾಮ?" ಎಂದು ಅವಳು ಕೇಳಿದರೆ, "ಪೊಲೀಸರಿಗೆ ಎಷ್ಟು ಜೇಬು ಕೊಟ್ರೂ ಸಾಲಲ್ಲ ಮಗಳೇ" ಅಂದ. ಅವಳು ನಕ್ಕಳಂತೆ. ಆ ನಗು ತನಗೆ ಚಪ್ಪಲಿಯಲ್ಲಿ ಹೊಡೆದಂತಾಯಿತು ಎಂದು ಆಮೇಲೆ ನನಗೆ ಹೇಳಿದ.

ಪುಸ್ತಕ ಅಚ್ಚಾಯಿತು. ಹನ್ನೊಂದನೇ ಕಲಮು ಅಚ್ಚಿನಲ್ಲೂ ಇತ್ತು, ಅಕ್ಷರ ಬದಲಾಗದೆ. ಮಾಮ ಒಂದು ಪ್ರತಿ ಒಯ್ದು ಇಸ್ತ್ರಿಮೇಜಿನ ಬಟ್ಟೆಯಡಿ ಇಟ್ಟುಕೊಂಡ. ಪಕ್ಷ ಗೆದ್ದಿತು. ಕಚೇರಿಯ ಮುಂದೆ ನಾವು ಕುಣಿದೆವು. ನನ್ನ ವಯಸ್ಸಿಗೆ ಕುಣಿತ ಒಪ್ಪುವುದಿಲ್ಲ, ಆದರೂ ಕುಣಿದೆ.

ಆಮೇಲೆ ಏನಾಯಿತೆಂಬುದನ್ನು ಚುಟುಕಾಗಿ ಹೇಳಬಹುದು. ಕಣ್ಣಿಗೆ ಕಾಣುವ ಕಲಮುಗಳೆಲ್ಲ ಮೊದಲು ಬಂದವು. ಠಾಣೆಗೆ ಹೊಸ ಜೀಪು ಬಂತು, ಕೂಡುರಸ್ತೆಗಳಿಗೆ ಕ್ಯಾಮೆರಾ ಬಂತು, ಸರಗಳ್ಳರಿಗೆ ಶಿಕ್ಷೆ ಜಾಸ್ತಿ ಮಾಡುವ ಮಸೂದೆ ಬಂತು. ಪೊಲೀಸರ ಮೇಲೆ ಜನರಿಗೆ ವಿಶ್ವಾಸ ಹುಟ್ಟಬೇಕೆಂದು ಸಮವಸ್ತ್ರದ ಮಾದರಿ ಬದಲಾಯಿತು. ಅರವತ್ತು ಜೊತೆಯ ಕೆಲಸ ಮಾಮನಿಗೇ ಸಿಕ್ಕಿತು.

"ನಿಮ್ಮ ಸುಧಾರಣೆ ನನ್ನ ಮಿಷನ್ನಿನ ತನಕ ಬಂದು ನಿಂತಿತು ನೋಡಿ ಧಿಕ್ಕಾರಣ್ಣ," ಅಂದ. "ಹನ್ನೊಂದು ಎಲ್ಲಿ?"

ಹನ್ನೊಂದನೇ ಕಲಮು ಅಧ್ಯಯನ ಸಮಿತಿಗೆ ಹೋಗಿತ್ತು. ನಾನು ಕೇಳಲು ಹೋದಾಗ ಮೀಸೆ ವಕೀಲರು ಸರ್ಕಾರ ಕೊಟ್ಟ ಹೊಸ ಕೋಣೆಯಲ್ಲಿ, ಹೊಸ ಮೇಜಿನ ಹಿಂದೆ ಕೂತಿದ್ದರು. "ಪೊಲೀಸರು ಮುನಿಸ್ಕೋತಾರೆ. ಹಳೇ ಶಿಕ್ಷೆಗಳೆಲ್ಲ ಅಲ್ಲಾಡ್ತವೆ. ಮೊದಲ ವರ್ಷದಲ್ಲೇ ಬೇಡ ಅಂತ ಮೇಲಿನವರು ಅಂದಿದಾರೆ. ಬಿಟ್ಟಿಲ್ಲ ರೀ, ಇಟ್ಟಿದೀವಿ," ಅಂದರು. ಹಿಂದಿನ ಸರ್ಕಾರದವನು ಇದೇ ಮಾತಾಡಿದ್ದರೆ ಅವನ ಬಾಗಿಲಲ್ಲಿ ಮಲಗುತ್ತಿದ್ದೆ. ಇವರ ಬಾಗಿಲಿಂದ ಚಹಾ ಕುಡಿದು ಎದ್ದು ಬಂದೆ.

ಮೂರನೇ ಬಾರಿ ಮಾಮ ಬರದಿದ್ದರೆ ವಾರಂಟು ಎಂದು ಕೋರ್ಟು ಹೇಳಿತ್ತು. ಆ ಬೆಳಿಗ್ಗೆ ಕೋರ್ಟಿನ ಜಗುಲಿಯಲ್ಲಿ ಸಿಕ್ಕಿದ. ಇಸ್ತ್ರಿ ಮಾಡಿದ ಅಂಗಿ, ಗಡ್ಡ ಬೋಳಿಸುವಾಗ ಕೊಯ್ದುಕೊಂಡ ಗಲ್ಲ. ರೈಟರ್ ಸ್ವಲ್ಪ ದೂರದಲ್ಲಿ ನಿಂತು ಇತ್ತಲೇ ನೋಡುತ್ತಿದ್ದ.

"ಕಾನೂನು ಆಯ್ತಾ?" ಮಾಮ ಕೇಳಿದ.

"ಇನ್ನೂ ಇಲ್ಲ. ಇನ್ನೊಂದು ವಾಯಿದೆ ಕೇಳೋಣ."

"ಇನ್ನೊಂದು ಕೊಡಲ್ಲ. ಇವತ್ತು ಹೇಳ್ಲೇಬೇಕು. ಏನ್ ಹೇಳ್ಲಿ?"

ಮೂವತ್ತು ವರ್ಷ ನಾನು ಮೈಕು ಹಿಡಿದು ಜನರಿಗೆ ಏನು ಹೇಳಬೇಕೆಂದು ಹೇಳಿದವನು. ಆವತ್ತು "ಸತ್ಯ ಹೇಳು ಮಾಮ, ಆಗಿದ್ದಾಗಲಿ, ನಾನು ನಿನ್ನ ಹಿಂದೆ ನಿಲ್ತೀನಿ" ಎಂಬ ನಾಲ್ಕು ಮಾತು ಬಾಯಿಂದ ಹೊರಡಲಿಲ್ಲ. ಸತ್ಯ ಹೇಳಿದರೆ ದೊಡ್ಡ ಗದ್ದಲವಾಗುತ್ತದೆ, ಹೊಸ ಸರ್ಕಾರಕ್ಕೆ ಮುಜುಗರವಾಗುತ್ತದೆ, ಇಟ್ಟಿರುವ ಕಲಮನ್ನೂ ಬಿಟ್ಟುಬಿಡುತ್ತಾರೆ ಎಂದು ತಲೆಯಲ್ಲಿ ಏನೇನೋ ಓಡಿತು. "ನಿನಗೆ ಹೇಗೆ ತೋಚುತ್ತೋ ಹಾಗೆ" ಅಂದೆ. ಕೈಕೊಡುವವರು ಆಡುವ ಮಾತು ಇದು. ಮಾಮನಿಗೆ ಅದು ಗೊತ್ತಾಯಿತು.

ಒಳಗೆ ಹೆಣ್ಣುಮಗಳು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಸಾಕ್ಷಿಪಟ್ಟಿಯಲ್ಲಿ ಮಾಮನ ಪೂರ್ತಿ ಹೆಸರಿತ್ತು. ಆ ಹೆಸರು ಯಾರದೆಂದು ಅವಳಿಗೆ ತಿಳಿದಿರಲಿಲ್ಲ. ಮಾಮ ಕಟಕಟೆ ಹತ್ತಿದ್ದನ್ನು ನೋಡಿ ಅವಳ ಮುಖ ಅರಳಿತು. ಮಾಮನೇ ಬಂದರಲ್ಲ, ಇನ್ನು ಭಯವಿಲ್ಲ ಅಂದುಕೊಂಡಳು.

ಸರ್ಕಾರದ ವಕೀಲರು ಟೂಲ್‌ಬಾಕ್ಸಿನ ಮಹಜರು ತೋರಿಸಿ, ಇದು ನಿಮ್ಮ ಸಹಿಯೇ ಎಂದು ಕೇಳಿದರು.

"ಹೌದು ಸ್ವಾಮಿ."

"ಸರ ಸಿಕ್ಕಾಗ ನೀವು ಅಲ್ಲಿದ್ರಾ?"

ಮಾಮ ಬೆಂಚಿನ ಕಡೆ ನೋಡಿದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿದ. ನಾನು ಕಣ್ಣು ತಗ್ಗಿಸಿದೆ. ಇದನ್ನು ಯಾರೂ ನೋಡಲಿಲ್ಲ, ಅವನೊಬ್ಬ ನೋಡಿದ.

"ಇದ್ದೆ ಸ್ವಾಮಿ. ನನ್ನೆದುರೇ ತೆಗೆದ್ರು."

ಮೆಕ್ಯಾನಿಕ್ಕನಿಗೆ ಸರ್ಕಾರವೇ ಕೊಟ್ಟಿದ್ದ ವಕೀಲ ಎರಡು ಪ್ರಶ್ನೆ ಕೇಳಿ ಕೂತ. ಮೂರು ವರ್ಷ ಶಿಕ್ಷೆಯಾಯಿತು.

ಮರುದಿನ ನೆರೆಮನೆಯವರ ಕೈಯಲ್ಲಿ ಅಂಗಿಗಳ ಗಂಟು ಅಂಗಡಿಗೆ ಬಂತು. ಕಾಜಾಗಳೆಲ್ಲ ಮುಗಿದಿದ್ದವು, ಒಂದೂ ಬಾಕಿಯಿರಲಿಲ್ಲ. ಮಾಮ ಗಂಟು ಬಿಚ್ಚದೆ ಎಂಟು ದಿನ ಮೂಲೆಯಲ್ಲಿಟ್ಟ. ಒಂಬತ್ತನೇ ದಿನ ಬಂದು "ನಡೀರಿ, ಅವಳ ಮನೆಗೆ ಹೋಗ್ಬೇಕು. ಒಬ್ಬನೇ ಹೋಗಕ್ಕೆ ಕಾಲು ಬರ್ತಿಲ್ಲ," ಅಂದ.

ಅವಳು ಹೊಸಿಲ ಮೇಲೆಯೇ ಕೂತಿದ್ದಳು. ಬೇರೆ ಯಾವುದೋ ಅಂಗಡಿಯ ಬಟ್ಟೆ ಮಡಿಲಲ್ಲಿತ್ತು. ಒಳಗೆ ಬನ್ನಿ ಅನ್ನಲಿಲ್ಲ. ಮಾಮ ನಿಂತೇ ಹೇಳಿದ. ಓದದೆ ಸಹಿ ಮಾಡಿದ್ದು, ಆ ಸಂಜೆ ಗೊತ್ತಾದದ್ದು, ಕಾನೂನು ಬರುತ್ತದೆಂದು ಕಾದದ್ದು, ಕಟಕಟೆಯಲ್ಲಿ ಹೆದರಿದ್ದು, ಒಂದನ್ನೂ ಬಿಡಲಿಲ್ಲ. ಅವಳ ಸೂಜಿ ನಿಲ್ಲಲಿಲ್ಲ. ಎಲ್ಲ ಮುಗಿದ ಮೇಲೆ ದಾರ ಕಚ್ಚಿ ಕತ್ತರಿಸಿ ಕೇಳಿದಳು:

"ನೀವು ನಿಜ ಹೇಳಿದ್ರೆ ನಿಮ್ಮನ್ನ ಎಷ್ಟು ದಿನ ಒಳಗೆ ಹಾಕ್ತಿದ್ರು?"

"ಗೊತ್ತಿಲ್ಲ ಮಗಳೇ. ಆರು ತಿಂಗಳೋ, ವರ್ಷವೋ."

"ನಾನು ಊಟ ತಂದು ಕೊಡ್ತಿದ್ದೆ ಮಾಮ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಅವಳು ನನ್ನ ಕಡೆ ತಿರುಗಿದಳು. "ಕಾಯಿ ಅಂತ ಹೇಳಿದ್ದು ನೀವಾ ಅಣ್ಣ?"

"ಹೌದಮ್ಮ."

"ನನ್ನನ್ನೊಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

ಅನ್ನಿಸಿರಲಿಲ್ಲ. ಅಪರಾಧದ ಬಗ್ಗೆ, ನ್ಯಾಯದ ಬಗ್ಗೆ ನಲವತ್ತು ಕಲಮು ಬರೆದೆವು. ವಕೀಲರನ್ನು ಕೇಳಿದೆವು, ನಿವೃತ್ತ ಅಧಿಕಾರಿಗಳನ್ನು ಕೇಳಿದೆವು, ಸಾಕ್ಷಿಯನ್ನೂ ಕೇಳಿದೆವು. ಎರಡು ಬೀದಿ ಹಿಂದೆ ಹೊಸಿಲ ಮೇಲೆ ಕೂತವಳನ್ನು ಕೇಳಲಿಲ್ಲ. ಕೇಳಿದ್ದರೆ ಅವಳು ಕಾಯಬೇಡಿ ಅನ್ನುತ್ತಿದ್ದಳು. ಅದಕ್ಕೇ ಕೇಳಲಿಲ್ಲವೋ ಏನೋ.

ಮರುದಿನ ಮಾಮ ಯಾರನ್ನೂ ಕೇಳದೆ ವಕೀಲರೊಬ್ಬರಲ್ಲಿಗೆ ಹೋಗಿ, ತಾನು ಹೇಳಿದ್ದು ಸುಳ್ಳೆಂದು ಪ್ರಮಾಣಪತ್ರ ಬರೆಸಿಕೊಟ್ಟ. ಮೇಲಿನ ಕೋರ್ಟು ಅದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಮತ್ತೆ ಒಂದೂವರೆ ವರ್ಷ ಹೋಯಿತು. ಮೆಕ್ಯಾನಿಕ್ ಬಿಡುಗಡೆಯಾದಾಗ ಒಳಗೆ ಕಳೆದದ್ದು ಎರಡು ವರ್ಷ ಐದು ತಿಂಗಳು. ಶೆಡ್ಡಿನ ಜಾಗದಲ್ಲಿ ಇನ್ಯಾರೋ ಮೊಬೈಲ್ ಅಂಗಡಿ ಇಟ್ಟಿದ್ದರು. ಗಂಡಹೆಂಡತಿ ಬೇರೆ ಕಡೆ ಹೋದರು. ಎಲ್ಲಿಗೆಂದು ನನಗೆ ಹೇಳಲಿಲ್ಲ, ಹೇಳಬೇಕಾದ ಕಾರಣವೂ ಇರಲಿಲ್ಲ. ಅದೇ ತೀರ್ಪಿನಲ್ಲಿ ಮಾಮನ ಮೇಲೆ ಸುಳ್ಳುಸಾಕ್ಷಿಯ ಕೇಸು ಹಾಕಲು ಆದೇಶವಾಯಿತು. ಖಾಕಿಯ ಗಿರಾಕಿಗಳು ಒಬ್ಬರೂ ಉಳಿಯಲಿಲ್ಲ. ಈಗ ಅವನು ಮಕ್ಕಳ ಶಾಲೆ ಚೀಲ ಹೊಲಿಯುತ್ತಾನೆ, ಹರಿದ ಜಿಪ್ಪು ಬದಲಿಸುತ್ತಾನೆ.

ಕಲಮು ಇನ್ನೂ ಸಮಿತಿಯಲ್ಲೇ ಇದೆ. ನಾನು ಪಕ್ಷದ ಕಚೇರಿಯ ಮೆಟ್ಟಿಲು ಇಳಿದು ವರ್ಷವಾಯಿತು. ಹಾಗೆಂದು ದೊಡ್ಡಸ್ತಿಕೆಯೇನಿಲ್ಲ, ಇಳಿದದ್ದು ತಡವಾಗಿ.

ಮಾಮನ ಕೇಸು ನಡೆಯುತ್ತಿದೆ. ಮೊದಲ ವಾಯಿದೆಗೆ ಜೊತೆಯಲ್ಲಿ ಹೋಗೋಣವೆಂದು ಬೆಳಿಗ್ಗೆಯೇ ಅಂಗಡಿಗೆ ಹೋಗಿದ್ದೆ. ಅವನು ಶಟರು ಎಳೆಯುತ್ತಿದ್ದ.

"ನೀವು ಬರಬೇಡಿ ಧಿಕ್ಕಾರಣ್ಣ."

"ಸಿಟ್ಟಾ?"

"ಸಿಟ್ಟಲ್ಲ. ಇವತ್ತು ಮಾಡಿದ್ದನ್ನ ಒಪ್ಕೊಂಡು ಬರ್ಬೇಕು ಅಂತಿದೀನಿ. ನೀವು ಪಕ್ಕದಲ್ಲಿದ್ರೆ ಇನ್ನೊಂದು ಸ್ವಲ್ಪ ದಿನ ಕಾಯೋಣ ಅನ್ಸಿಬಿಡುತ್ತೆ."

ಬೀಗ ಹಾಕಿ, ಎಳೆದು ನೋಡಿ, ಕೋರ್ಟಿನ ಕಡೆ ನಡೆದ. ನಾನು ಹಿಂದೆ ಹೋಗಲಿಲ್ಲ.